ಮನಸ್ಸು ಬಲ್ಲವರಿಗೆ ಮತವಿಲ್ಲ

ಗುರುಗಳಾಗುವವರ ವಿದ್ಯಾಲಯವಾದ ಸೆಮಿನರಿಯಲ್ಲಿ ಏಳೆಂಟು ವರ್ಷ ಇದ್ದು ಓದಿದ ಯುವಕ ಕಥೋಲಿಕ ಗುರುದೀಕ್ಷೆಗೆ ತಕ್ಕವನೋ ಅಲ್ಲವೋ ಎಂದು ತೂಗಿ ನೋಡುವ ದಿನ ಬರುತ್ತದೆ. ಮುಖ್ಯಸ್ಥರಾದ ರೆಕ್ಟರ್ ಮಾತಾಡುತ್ತಾರೆ. ಪಾಠ ಹೇಳಿದ ಪ್ರಾಧ್ಯಾಪಕರು, ಶಿಸ್ತು ನೋಡಿಕೊಂಡ ಫಾದರ್‌ಗಳು ಮಾತಾಡುತ್ತಾರೆ. ಆದರೆ ಆ ಹುಡುಗನ ಒಳಮನಸ್ಸನ್ನು ಇವರೆಲ್ಲರಿಗಿಂತ ಹತ್ತಿರದಿಂದ ಬಲ್ಲ ಒಬ್ಬರಿಗೆ ಮಾತ್ರ ಅಲ್ಲಿ ಮಾತಿಲ್ಲ. ಅವರನ್ನು ಕೇಳುವುದೇ ತಪ್ಪು. ಕಥೋಲಿಕ ಧರ್ಮಸಭೆ 1983ರಲ್ಲಿ ಜಾರಿಗೆ ತಂದ ಕಾನೂನು ಸಂಹಿತೆಯ 240ನೇ ವಿಧಿ ಇದನ್ನು ಕಡ್ಡಾಯ ಮಾಡಿದೆ: ವಿದ್ಯಾರ್ಥಿಗೆ ದೀಕ್ಷೆ ಕೊಡುವಾಗಾಗಲಿ, ಅವನನ್ನು ಹೊರಗೆ ಕಳಿಸುವಾಗಾಗಲಿ ಆಧ್ಯಾತ್ಮಿಕ ನಿರ್ದೇಶಕರ ಮತ್ತು ಪಾಪನಿವೇದನೆ ಕೇಳುವ ಗುರುಗಳ ಅಭಿಪ್ರಾಯವನ್ನು ಎಂದೂ ಕೇಳಬಾರದು.

ಸೆಮಿನರಿಯ ಆಡಳಿತವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ನಿಯಮದಿಂದ ಶುರುಮಾಡುವುದೇ ಒಳ್ಳೆಯದು. ಉಳಿದ ಹುದ್ದೆಗಳೆಲ್ಲ ಯಾವ ಹಾಸ್ಟೆಲಿನಲ್ಲೂ ಕಾಲೇಜಿನಲ್ಲೂ ಬೇರೆ ಹೆಸರಿನಲ್ಲಿ ಸಿಗುತ್ತವೆ. ಆಧ್ಯಾತ್ಮಿಕ ನಿರ್ದೇಶಕರ ಹುದ್ದೆ ಮಾತ್ರ ಸಿಗುವುದಿಲ್ಲ.

ಕರ್ನಾಟಕದವರಿಗೆ ಸೆಮಿನರಿ ಹೊಸದೇನಲ್ಲ. ಮಂಗಳೂರಿನ ಜೆಪ್ಪುವಿನ ಸಂತ ಜೋಸೆಫರ ಸೆಮಿನರಿ 1879ರಲ್ಲಿ ಜೆಸುಯಿಟ್ ಗುರುಗಳು ಆರಂಭಿಸಿದ್ದು. ಅವರು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ ಕೊನೆಯಲ್ಲಿ. ಸಂತ ಅಲೋಶಿಯಸ್ ಕಾಲೇಜು ತೆರೆದದ್ದು 1880ರಲ್ಲಿ. ಅಂದರೆ ಹೆಸರಾಂತ ಕಾಲೇಜಿಗೂ ಮೊದಲೇ ಸೆಮಿನರಿ ಎದ್ದಿತ್ತು. ಊರಿನ ಚರ್ಚುಗಳಿಗೆ ಊರಿನವರೇ ಗುರುಗಳಾಗಬೇಕೆಂಬ ತುರ್ತು ಎಷ್ಟಿತ್ತೆಂದು ಇದರಿಂದಲೇ ತಿಳಿಯುತ್ತದೆ. ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಸೆಮಿನರಿಯ ಬೇರು ಇನ್ನೂ ಹಳೆಯದು. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಫ್ರೆಂಚ್ ಗುರುಗಳು 1778ರಲ್ಲಿ ಪುದುಚೇರಿಯಲ್ಲಿ ತೊಡಗಿಸಿದ ಆ ಸಂಸ್ಥೆ ಬೆಂಗಳೂರಿಗೆ ಬಂದದ್ದು 1934ರಲ್ಲಿ. ಕಥೋಲಿಕರಲ್ಲದ ಅನೇಕ ಓದುಗರು ಈ ಹೆಸರನ್ನು ಮೊದಲು ಕೇಳಿದ್ದು ಒಂದು ಕೆಟ್ಟ ಸುದ್ದಿಯಿಂದ. 2013ರ ಈಸ್ಟರ್ ರಾತ್ರಿ ಅಲ್ಲಿನ ರೆಕ್ಟರ್ ಕೆ.ಜೆ. ಥಾಮಸ್ ಸೆಮಿನರಿಯ ಆವರಣದಲ್ಲೇ ಕೊಲೆಯಾದರು. ಸೆಮಿನರಿ ಎಂದರೇನು, ರೆಕ್ಟರ್ ಎಂದರೆ ಯಾರು ಎಂದು ಆಗ ಪತ್ರಿಕೆಗಳು ಎರಡು ಸಾಲಿನಲ್ಲಿ ವಿವರಿಸಿ ಮುಂದೆ ಹೋದವು. ಆ ಎರಡು ಸಾಲು ಸಾಲದು.

ಸೆಮಿನರಿಗಳ ಹುಟ್ಟಿಗೆ ಖಚಿತವಾದ ತಾರೀಕೇ ಇದೆ. ಇಟಲಿಯ ಟ್ರೆಂಟ್ ನಗರದಲ್ಲಿ ಸೇರಿದ್ದ ಮಹಾಸಭೆ 1563ರ ಜುಲೈ 15ರಂದು, ಪ್ರತಿ ಧರ್ಮಪ್ರಾಂತ್ಯದಲ್ಲೂ ಗುರುಗಳಾಗುವ ಹುಡುಗರಿಗೆ ಪ್ರತ್ಯೇಕ ವಿದ್ಯಾಲಯ ಇರಬೇಕೆಂದು ಆದೇಶಿಸಿತು. ಅದಕ್ಕೆ ಮುಂಚೆ ಹಳ್ಳಿಯ ಹುಡುಗ ಯಾರೋ ಒಬ್ಬ ಹಿರಿಯ ಗುರುವಿನ ಜೊತೆಗಿದ್ದು ಪೂಜೆಯ ಕ್ರಮ ಕಲಿತು ತಾನೂ ಗುರುವಾಗುತ್ತಿದ್ದ. ಲ್ಯಾಟಿನ್ ಬಾಯಿಪಾಠವಾಗಿದ್ದರೂ ಅರ್ಥ ಗೊತ್ತಿಲ್ಲದವರು ಬೇಕಾದಷ್ಟಿದ್ದರು. ಲೂಥರನ ಬಂಡಾಯ ಈ ಹುಳುಕನ್ನು ಬಯಲಿಗೆಳೆದ ಮೇಲೆ ರೋಮಿಗೆ ಎಚ್ಚರವಾಯಿತು. ಸೇರುವವನಿಗೆ ಕನಿಷ್ಠ 12 ವರ್ಷವಾಗಿರಬೇಕು, ಓದು ಬರಹ ಬರಬೇಕು, ಬಡವರ ಮಕ್ಕಳಿಗೆ ಮೊದಲ ಆದ್ಯತೆ ಎಂದು ಟ್ರೆಂಟ್ ಹೇಳಿತು. ಶ್ರೀಮಂತರ ಮಕ್ಕಳೂ ಬರಬಹುದು, ಆದರೆ ಅವರ ಖರ್ಚು ಅವರದೇ. ಲೆಕ್ಕಪತ್ರವನ್ನು ಬಿಷಪ್ಪರು ವರ್ಷಕ್ಕೊಮ್ಮೆ ಇತರ ಗುರುಗಳ ಪ್ರತಿನಿಧಿಗಳ ಎದುರಿಗೇ ನೋಡಬೇಕು ಎಂಬುದೂ ಆ ಆದೇಶದಲ್ಲಿತ್ತು. ದೇವರ ಕೆಲಸಕ್ಕೆ ಹುಡುಗರನ್ನು ತಯಾರು ಮಾಡುವ ಕಾಗದದಲ್ಲಿ ಹಣದ ಲೆಕ್ಕಕ್ಕೂ ಸಾಕ್ಷಿ ಬೇಕೆಂದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರೇ.

ಇಂದಿನ ಸೆಮಿನರಿಯಲ್ಲಿ ತತ್ವಶಾಸ್ತ್ರಕ್ಕೆ ಎರಡು ವರ್ಷ, ದೈವಶಾಸ್ತ್ರಕ್ಕೆ ನಾಲ್ಕು ವರ್ಷ. ಅದಕ್ಕೂ ಮೊದಲು ಒಂದು ಪೂರ್ವಸಿದ್ಧತೆಯ ಘಟ್ಟ, ನಡುವೆ ಯಾವುದಾದರೂ ಚರ್ಚಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುವ ವರ್ಷ. ವಿದ್ಯಾರ್ಥಿಗಳನ್ನು ಎಲ್ಲರೂ ಬ್ರದರ್ ಎನ್ನುತ್ತಾರೆ. ಈ ಮನೆಗೆ ಯಜಮಾನರು ರೆಕ್ಟರ್.

ರೆಕ್ಟರ್ ಎಂದರೆ ಪ್ರಾಂಶುಪಾಲರು ಎಂದುಕೊಂಡರೆ ಅರ್ಧ ಮಾತ್ರ ಸರಿ. ಅಧಿಕಾರ ವಹಿಸಿಕೊಳ್ಳುವ ದಿನ ಅವರು ವಿಶ್ವಾಸಪ್ರಮಾಣ ಮಾಡಬೇಕು. ದಿನನಿತ್ಯದ ವಿಚಾರದಲ್ಲಿ ಮನೆಯಲ್ಲಿರುವ ಎಲ್ಲರೂ, ಪ್ರಾಧ್ಯಾಪಕರು ಸೇರಿ, ಅವರ ಮಾತು ಕೇಳಬೇಕು. ಧರ್ಮಸಭೆಯ ಎದುರೂ ಸರ್ಕಾರದ ಎದುರೂ ಸಂಸ್ಥೆಯ ಪರವಾಗಿ ಸಹಿ ಹಾಕುವವರು ಅವರೇ. ಇನ್ನೊಂದು ಸ್ವಾರಸ್ಯವಿದೆ. ಸೆಮಿನರಿ ಯಾವ ಬೀದಿಯಲ್ಲಿದ್ದರೂ ಆ ಬೀದಿಯ ಚರ್ಚಿನ ಆಡಳಿತಕ್ಕೆ ಒಳಪಡುವುದಿಲ್ಲ. ಗೋಡೆಯ ಒಳಗಿನವರಿಗೆಲ್ಲ ರೆಕ್ಟರೇ ಧರ್ಮಕೇಂದ್ರದ ಗುರು. ಮದುವೆಯ ವಿಚಾರ ಮಾತ್ರ ಅವರ ವ್ಯಾಪ್ತಿಗೆ ಬರುವುದಿಲ್ಲ. ಬ್ರಹ್ಮಚರ್ಯಕ್ಕೆ ಹುಡುಗರನ್ನು ಅಣಿಗೊಳಿಸುವ ಮನೆಗೆ ಈ ವಿನಾಯಿತಿಯನ್ನೂ ನೆನಪಿಟ್ಟು ಬರೆದ ಕಾನೂನು ಪಂಡಿತರ ಶ್ರದ್ಧೆಗೆ ಕೈಮುಗಿಯಬೇಕು.

ರೆಕ್ಟರಿಗಿರುವ ಎರಡನೆಯ ಮಿತಿಯಲ್ಲಿ ನಗುವ ವಿಷಯವಿಲ್ಲ. ತಮ್ಮೊಂದಿಗೆ ಒಂದೇ ಮನೆಯಲ್ಲಿರುವ ವಿದ್ಯಾರ್ಥಿಗಳ ಪಾಪನಿವೇದನೆಯನ್ನು ರೆಕ್ಟರ್ ಕೇಳುವಂತಿಲ್ಲ. ಹುಡುಗ ತಾನಾಗಿಯೇ ಬಯಸಿ ಬಂದ ಅಪರೂಪದ ಸಂದರ್ಭದಲ್ಲಿ ಮಾತ್ರ ಅವಕಾಶ. ಮಂಗಳೂರಿನ ಕೊಂಕಣಿಯಲ್ಲಿ ಕುಮ್ಸಾರ್ ಎನ್ನುವ ಈ ಸಂಸ್ಕಾರದಲ್ಲಿ ಆಡಿದ ಮಾತು ಗುರುವಿನ ಜೊತೆ ಮಣ್ಣಿಗೇ ಹೋಗಬೇಕು. ಒಬ್ಬನನ್ನು ಉಳಿಸಿಕೊಳ್ಳುವ ಅಥವಾ ಮನೆಗೆ ಕಳಿಸುವ ಅಧಿಕಾರ ಇರುವವರ ಕಿವಿಗೇ ಅವನ ಪಾಪಗಳೂ ಬಿದ್ದರೆ? ಗುಟ್ಟು ಕಾಯುವುದೋ, ಸಂಸ್ಥೆ ಕಾಯುವುದೋ? ರೆಕ್ಟರ್ ಎಷ್ಟೇ ಸಂತರಾಗಿರಲಿ, ಹುಡುಗ ಸತ್ಯ ಹೇಳಲು ಹೆದರುತ್ತಾನೆ. ಆದ್ದರಿಂದ ಕಾನೂನು ಅವರ ಸಂತತ್ವದ ಮೇಲೆ ಭಾರ ಹಾಕದೆ ಬಾಗಿಲನ್ನೇ ಮುಚ್ಚಿಬಿಟ್ಟಿದೆ.

ಆ ಬಾಗಿಲ ಆಚೆ ಕುಳಿತವರು ಆಧ್ಯಾತ್ಮಿಕ ನಿರ್ದೇಶಕರು. ಪ್ರತಿ ಸೆಮಿನರಿಯಲ್ಲೂ ಕನಿಷ್ಠ ಒಬ್ಬರಾದರೂ ಇರಲೇಬೇಕು. ಅವರನ್ನು ಬಿಟ್ಟು ಬಿಷಪ್ಪರು ಒಪ್ಪಿದ ಬೇರೊಬ್ಬ ಗುರುವಿನ ಹತ್ತಿರ ಹೋಗುವ ಸ್ವಾತಂತ್ರ್ಯವೂ ವಿದ್ಯಾರ್ಥಿಗಿದೆ. ಪಾಪನಿವೇದನೆಗೆ ಹೊರಗಿನಿಂದ ಗುರುಗಳು ಬರುತ್ತಾರೆ. ಬೇಕಾದರೆ ಹುಡುಗನೇ ಹೊರಗಿನ ಗುರುವನ್ನು ಹುಡುಕಿಕೊಳ್ಳಬಹುದು. ಕೂಡುಕುಟುಂಬದಲ್ಲಿ ಅಪ್ಪನ ಮುಂದೆ ಬಾಯಿಬಿಡದ ಮಗ ರಾತ್ರಿ ಅಜ್ಜಿಯ ಪಕ್ಕ ಕೂತು ಎಲ್ಲ ಹೇಳುವಂತೆ, ಪ್ರಾರ್ಥನೆ ಒಣಗಿಹೋದದ್ದು, ಊರಿನ ಹುಡುಗಿಯ ನೆನಪು, ತಾಯಿಯ ಆಸೆಗಾಗಿ ಬಂದೆನೋ ನನ್ನ ಆಸೆಯಿಂದ ಬಂದೆನೋ ಎಂಬ ಗೊಂದಲ, ಎಲ್ಲವೂ ಇಲ್ಲಿ ಬರುತ್ತವೆ. ‘ನೀನು ಇದಕ್ಕೆ ಹೊಂದುವವನಲ್ಲ, ನೀನಾಗಿಯೇ ಹೊರಡು’ ಎಂದು ನಿರ್ದೇಶಕರು ಅವನಿಗೇ ಹೇಳಬಹುದು, ಒತ್ತಾಯಿಸಿಯೂ ಹೇಳಬಹುದು. ಅವನು ಕೇಳದೆ ಉಳಿದರೆ ದೀಕ್ಷೆಯ ದಿನ ಸುಮ್ಮನೆ ನಿಂತು ನೋಡಬೇಕು. ಇದಕ್ಕಿಂತ ಕಷ್ಟದ ಹುದ್ದೆ ಆ ಕಾಂಪೌಂಡಿನಲ್ಲಿ ಇನ್ನೊಂದಿಲ್ಲ ಎಂದು ನನ್ನ ಎಣಿಕೆ. ಸೆಮಿನರಿಯ ವಾರ್ಷಿಕ ಸಂಚಿಕೆಗಳಲ್ಲಿ ರೆಕ್ಟರ್ ಭಾವಚಿತ್ರವೇ ದೊಡ್ಡದಾಗಿ ಬರುವುದು ಬೇರೆ ಮಾತು.

ಹಣ ಮತ್ತು ಅಡುಗೆಮನೆ ಪ್ರೊಕ್ಯುರೇಟರ್ ಪಾಲಿಗೆ. ನೂರಾರು ಜನರ ಊಟ, ಕರೆಂಟು ಬಿಲ್ಲು, ಸೋರುವ ಮಾಡು, ತೋಟದ ತೆಂಗಿನಕಾಯಿ, ದಾನಿಗಳ ಪತ್ರ ಎಲ್ಲ ಅವರದು. ರೆಕ್ಟರೇ ಹಣದ ಪೆಟ್ಟಿಗೆ ಇಟ್ಟುಕೊಳ್ಳಬಾರದು, ಆ ಕೆಲಸಕ್ಕೆ ಬೇರೆಯವರೇ ಇರಬೇಕು ಎಂದು 1917ರ ಹಳೆಯ ಸಂಹಿತೆ ಬಿಡಿಸಿಯೇ ಹೇಳಿತ್ತು. ಪಠ್ಯ, ಪರೀಕ್ಷೆ, ಗ್ರಂಥಾಲಯ ನೋಡಿಕೊಳ್ಳಲು ಡೀನ್ ಇರುತ್ತಾರೆ. ಭಾನುವಾರಗಳಲ್ಲಿ ಬ್ರದರ್‌ಗಳನ್ನು ಕೊಳೆಗೇರಿಗೆ, ಆಸ್ಪತ್ರೆಗೆ, ಹಳ್ಳಿಯ ಚರ್ಚಿಗೆ ಕಳಿಸುವ ಸೇವಾಕಾರ್ಯಕ್ಕೆ ಇನ್ನೊಬ್ಬರು. ದೊಡ್ಡ ಸೆಮಿನರಿಯಲ್ಲಿ ಉಪರೆಕ್ಟರ್ ಇರುವುದೂ ಉಂಟು. ಮುಖ್ಯವಾದ ಮಾತೆಂದರೆ ಇವರಲ್ಲಿ ಬಹುಪಾಲು ಜನ ಸಂಜೆ ಮನೆಗೆ ಹೋಗುವ ಸಿಬ್ಬಂದಿಯಲ್ಲ. ಹುಡುಗರು ಉಣ್ಣುವಲ್ಲೇ ಉಣ್ಣುತ್ತಾರೆ, ಅದೇ ಚಾಪೆಲಿನಲ್ಲಿ ಪ್ರಾರ್ಥಿಸುತ್ತಾರೆ. 17ನೇ ಶತಮಾನದ ಫ್ರಾನ್ಸಿನಲ್ಲಿ ಜ್ಯಾಂ ಜಾಕ್ ಒಲಿಯೆ ಕಟ್ಟಿದ ಸಲ್ಪಿಷಿಯನ್ ಗುರುಗಳ ಸಂಘ, ಕಲಿಸುವವರೂ ಕಲಿಯುವವರೂ ಕೂಡಿ ಬಾಳುವ ಈ ರೂಢಿಯನ್ನು ತನ್ನ ಕಸುಬನ್ನಾಗಿಯೇ ಮಾಡಿಕೊಂಡಿತು.

ನಾಯಕತ್ವ ಮೇಲಿನವರ ಸ್ವತ್ತು ಮಾತ್ರವಲ್ಲ. ಶಿಸ್ತಿನ ಹೊಣೆಯಲ್ಲಿ ವಿದ್ಯಾರ್ಥಿಗಳಿಗೂ ಪಾಲು ಇರಬೇಕೆಂದು ಸಂಹಿತೆಯೇ ಹೇಳುತ್ತದೆ. ಗಂಟೆ ಹೊಡೆಯುವವನು ಒಬ್ಬ, ಪೂಜಾಸಾಮಗ್ರಿ ಒಪ್ಪ ಮಾಡುವವನು ಇನ್ನೊಬ್ಬ, ಗಾಯನ ತಂಡ, ಊಟದ ಮನೆ, ಔಷಧದ ಕಪಾಟು, ವಾಲಿಬಾಲ್ ಅಂಗಳ ಎಲ್ಲಕ್ಕೂ ಒಬ್ಬೊಬ್ಬ ಬ್ರದರ್. ಮುಂದೆ ಊರೊಂದರ ಚರ್ಚಿಗೆ ಹೋದಾಗ ಹಬ್ಬದ ಸಮಿತಿಯ ಜಗಳ ಬಿಡಿಸುವ ಹದ ಸಿಗುವುದು ದೈವಶಾಸ್ತ್ರದ ಪುಸ್ತಕದಿಂದಲ್ಲ, ಸಹಪಾಠಿಗಳಿಗೆ ಪಾತ್ರೆ ತೊಳೆಯುವ ಸರದಿ ಹಚ್ಚಿದ ಅನುಭವದಿಂದ.

ಇನ್ನು ಹುಡುಗನನ್ನು ಅಳೆಯುವ ಮಾತು. ಪೋಪ್ ಎರಡನೇ ಜಾನ್ ಪೌಲ್ 1992ರಲ್ಲಿ ಹೊರಡಿಸಿದ ಪತ್ರ ನಾಲ್ಕು ಮುಖಗಳನ್ನು ಹೆಸರಿಸಿತು: ಮಾನವೀಯ, ಆಧ್ಯಾತ್ಮಿಕ, ಬೌದ್ಧಿಕ, ಸೇವಾಕಾರ್ಯದ ತರಬೇತಿ. ಉಳಿದವಕ್ಕೆಲ್ಲ ಮಾನವೀಯ ತರಬೇತಿಯೇ ಬುನಾದಿ ಎಂದೂ ಹೇಳಿತು. ಒಳ್ಳೆಯ ಮನುಷ್ಯನಾಗದವನು ಒಳ್ಳೆಯ ಗುರುವಾಗಲಾರ ಎಂಬುದು ಅದರ ಸಾರ. ಅಂಕಪಟ್ಟಿಯಷ್ಟೇ ನೋಡಿದ್ದರೆ ಧರ್ಮಸಭೆ ಏನು ಕಳೆದುಕೊಳ್ಳುತ್ತಿತ್ತು ಎಂಬುದಕ್ಕೆ ಫ್ರಾನ್ಸಿನ ಜಾನ್ ವಿಯಾನ್ನಿ ಸಾಕ್ಷಿ. ಲ್ಯಾಟಿನ್ ತಲೆಗೆ ಹತ್ತದೆ ಲಿಯೊನ್ ನಗರದ ಸೆಮಿನರಿಯಿಂದ ಹೊರಬಿದ್ದವರು ಅವರು. ಬ್ಯಾಲಿ ಎಂಬ ಹಳ್ಳಿಯ ಗುರು ಪಟ್ಟುಹಿಡಿದು ಓದಿಸಿ, ಮೇಲಿನವರನ್ನು ಒಪ್ಪಿಸಿ, 1815ರಲ್ಲಿ ದೀಕ್ಷೆ ಕೊಡಿಸಿದರು. ಇವತ್ತು ಜಗತ್ತಿನ ಧರ್ಮಕೇಂದ್ರಗಳ ಗುರುಗಳಿಗೆಲ್ಲ ಪಾಲಕ ಸಂತ ಅವರೇ.

ತಕ್ಕವನಲ್ಲದವನನ್ನು ಒಳಗೆ ಬಿಟ್ಟುಕೊಳ್ಳುವ ಉಲ್ಟಾ ತಪ್ಪು ಇನ್ನೂ ದುಬಾರಿ. ಬೇರೆ ಸೆಮಿನರಿಯಿಂದ ಹೊರಹಾಕಿಸಿಕೊಂಡು ಬಂದವನನ್ನು ಸೇರಿಸಿಕೊಳ್ಳುವ ಮುನ್ನ ಅಲ್ಲಿನ ಮುಖ್ಯಸ್ಥರಿಂದ ಕಾರಣ ತಿಳಿಸುವ ಪತ್ರ ತರಿಸಲೇಬೇಕು ಎಂಬ ನಿಯಮ ಇದೆ. ದಾಕ್ಷಿಣ್ಯಕ್ಕೆ ಬಿದ್ದು ಬಾಯಿಮಾತಿನಲ್ಲಿ ಮುಗಿಸುವ ವಿಷಯವಲ್ಲ ಅದು. ಗುರುಗಳ ಸಂಖ್ಯೆ ಇಳಿಯುತ್ತಿರುವ ಕಡೆ ಜರಡಿಯ ಕಣ್ಣು ದೊಡ್ಡದು ಮಾಡುವ ಆಸೆ ಹುಟ್ಟುವುದು ಸಹಜ. ಆ ಆಸೆಗೆ ಇಲ್ಲ ಎನ್ನುವುದೂ ರೆಕ್ಟರ್ ಕೆಲಸ.

ಎಲ್ಲ ಹೇಳಿದ ಮೇಲೂ ಕೊನೆಯ ತೀರ್ಮಾನ ರೆಕ್ಟರದ್ದಲ್ಲ, ಹುಡುಗನ ಸ್ವಂತ ಧರ್ಮಪ್ರಾಂತ್ಯದ ಬಿಷಪ್ಪರದು. ಹಲವು ಧರ್ಮಪ್ರಾಂತ್ಯಗಳ ಹುಡುಗರು ಒಟ್ಟಿಗೆ ಓದುವ ನಮ್ಮಲ್ಲಿನ ಸೆಮಿನರಿಗಳಲ್ಲಿ ಒಬ್ಬ ರೆಕ್ಟರ್ ಹತ್ತಾರು ಬಿಷಪ್ಪರಿಗೆ ಉತ್ತರ ಕೊಡಬೇಕಾಗಬಹುದು. ಅವರು ಬರೆದು ಕೊಡುವುದು ಯೋಗ್ಯತಾಪತ್ರ. ಒಪ್ಪುವುದು ಬಿಡುವುದು ಬಿಷಪ್ಪರಿಗೆ ಬಿಟ್ಟದ್ದು.

ಈ ಏಣಿಯ ದುರ್ಬಲ ಮೆಟ್ಟಿಲು ಅಲ್ಲೇ ಇದೆ. ಅಮೆರಿಕದಲ್ಲಿ ಬಿಷಪ್ಪರಾಗಿ ಮುಂದೆ ಕಾರ್ಡಿನಲ್ ಆದ ಥಿಯೊಡೋರ್ ಮೆಕ್ಯಾರಿಕ್ ವರ್ಷಗಟ್ಟಲೆ ಸೆಮಿನರಿ ವಿದ್ಯಾರ್ಥಿಗಳನ್ನು ನ್ಯೂಜೆರ್ಸಿಯ ಕಡಲತೀರದ ಮನೆಗೆ ಕರೆಸಿಕೊಂಡು ತನ್ನ ಹಾಸಿಗೆಯಲ್ಲೇ ಮಲಗಿಸಿಕೊಳ್ಳುತ್ತಿದ್ದ. ಯಾರ ಕೈಯಿಂದ ದೀಕ್ಷೆ ಸಿಗಬೇಕೋ ಅವರಿಗೇ ಇಲ್ಲ ಎನ್ನುವ ಧೈರ್ಯ ಹುಡುಗರಿಗೆ ಎಲ್ಲಿಂದ ಬರಬೇಕು? ಅವನ ಗುರುಪದವಿ ಕಿತ್ತುಕೊಂಡದ್ದು 2019ರಲ್ಲಿ. ವ್ಯಾಟಿಕನ್ ತನಿಖಾ ವರದಿ ಹೊರಬಂದದ್ದು 2020ರ ನವೆಂಬರಿನಲ್ಲಿ. ಅಧಿಕಾರದ ಬಲದಿಂದ ನಡೆಸುವ ಲೈಂಗಿಕ ದೌರ್ಜನ್ಯದ ದೂರುಗಳನ್ನು ಬಿಷಪ್ಪರ ಮೇಲೂ ತನಿಖೆ ಮಾಡುವ ಕ್ರಮವನ್ನು ಪೋಪ್ ಫ್ರಾನ್ಸಿಸ್ ತಂದದ್ದೂ 2019ರಲ್ಲೇ. ಹುಡುಗನ ಗುಟ್ಟನ್ನು ಕಾಯಲು ಬಹು ಮುಂಚೆಯೇ ಅಷ್ಟು ಗಟ್ಟಿ ಗೋಡೆ ಕಟ್ಟಿದ ಧರ್ಮಸಭೆ, ಹುಡುಗನನ್ನೇ ಕಾಯುವ ಗೋಡೆಗೆ ಇಷ್ಟು ತಡ ಮಾಡಿದ್ದು ಕ್ಷಮಿಸುವಂಥದ್ದಲ್ಲ.

ಇನ್ನೊಂದು ಕೊರತೆಯೂ ಕಣ್ಣಿಗೆ ಬೀಳುತ್ತದೆ. ಸೆಮಿನರಿಗಳ ಅಡುಗೆಮನೆಯಲ್ಲೂ ರೋಗಿಗಳ ಕೋಣೆಯಲ್ಲೂ ಸಿಸ್ಟರ್‌ಗಳು ದುಡಿದದ್ದು ಹಳೆಯ ಕಥೆ. ಗುರುಗಳ ತರಬೇತಿಯಲ್ಲಿ ಮಹಿಳೆಯರ ಪಾತ್ರ ಬೆಲೆಯುಳ್ಳದ್ದೆಂದು 2016ರ ಡಿಸೆಂಬರಿನಲ್ಲಿ ಬಂದ ವ್ಯಾಟಿಕನ್ ಮಾರ್ಗಸೂಚಿ ಒಪ್ಪಿಕೊಂಡಿದೆ. ನಾಳೆ ಇದೇ ಹುಡುಗ ನಿಲ್ಲುವ ಚರ್ಚಿನ ಬೆಂಚುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ ಇರುವಾಗ, ಅವನ ಬಗ್ಗೆ ಅಭಿಪ್ರಾಯ ಹೇಳುವ ಮೇಜಿನ ಸುತ್ತ ಅವರು ಅಪರೂಪವಾಗಿರುವುದು ನನಗೆ ಸರಿಕಾಣದು.

ಗುರುದೀಕ್ಷೆ ಮುಚ್ಚಿದ ಬಾಗಿಲ ಹಿಂದೆ ನಡೆಯುವ ವಿಧಿಯಲ್ಲ. ಅನ್ಯಮತದ ನೆರೆಹೊರೆಯವರೂ ಬರುತ್ತಾರೆ. ಅಂಥ ಆಮಂತ್ರಣ ಬಂದರೆ ಊಟದ ಹೊತ್ತಿಗೆ ಹೋಗಬೇಡಿ, ಪೂಜೆಯ ಆರಂಭಕ್ಕೇ ಹೋಗಿ. ಶುಭಸಂದೇಶ ಓದಿದ ಬಳಿಕ ಅಭ್ಯರ್ಥಿಯ ಹೆಸರು ಕೂಗುತ್ತಾರೆ. ಇವನು ತಕ್ಕವನೆಂದು ನಿಮಗೆ ಗೊತ್ತೇ ಎಂದು ಬಿಷಪ್ಪರು ಎಲ್ಲರೆದುರು ಕೇಳುತ್ತಾರೆ. ಜನರನ್ನು ವಿಚಾರಿಸಿದ್ದೇವೆ, ತರಬೇತಿಯ ಹೊಣೆ ಹೊತ್ತವರು ಶಿಫಾರಸು ಮಾಡಿದ್ದಾರೆ ಎಂದು ಒಬ್ಬ ಗುರು ಉತ್ತರಿಸುತ್ತಾರೆ. ವಿಚಾರಿಸುವ ಆ ಜನರಲ್ಲಿ ಊರಿನವರೂ ಸೇರಿದ್ದಾರೆ. ದೀಕ್ಷೆಗೆ ಮುಂಚೆ ಚರ್ಚಿನಲ್ಲಿ ಹೆಸರು ಓದಿದಾಗ ಹೇಳಬೇಕಾದದ್ದು ಏನಾದರೂ ಗೊತ್ತಿದ್ದವರು ಆಗಲೇ ಹೇಳಬೇಕು.