ಕೊಳವೆಯ ನೀರಿಗೂ ಒಂದು ಕವಾಟ

ಮನೆಗೆ ಬಾಗಿಲುಂಟು, ಬಾಗಿಲಿಗೆ ಅಗಳಿಯುಂಟು. ಆದರೆ ಮನೆಯೊಳಕ್ಕೆ ಹರಿದು ಬರುವ ನೀರನ್ನು ತಡೆಯುವ ಬಾಗಿಲು ಎಲ್ಲಿದೆಯೆಂದು ಕೇಳಿದರೆ ನಮ್ಮ ಬಂಧುಗಳಲ್ಲಿ ಅನೇಕರು ಉತ್ತರಕ್ಕಾಗಿ ತಡವರಿಸುವರು. ಕವಾಟವೆಂದರೆ ಬಾಗಿಲೆಂದೇ ಅರ್ಥ. ಪ್ಲಂಬರನ ಭಾಷೆಯಲ್ಲಿ ಅದು ವಾಲ್ವು.

ಮುಂಬಯಿಯ ಅನೇಕ ಹಳೆಯ ಕಟ್ಟಡಗಳ ಏರ್ಪಾಡನ್ನು ನೋಡಿರಿ. ಗಚ್ಚಿಯ ಮೇಲಿನ ಟಾಂಕಿಯಿಂದ ಒಂದು ಕೊಳವೆ ಗೋಡೆಯ ಹೊರಮೈಯಲ್ಲಿ ಇಳಿದು, ಒಂದೊಂದು ಅಂತಸ್ತಿನ ಬಿಡಾರಕ್ಕೂ ಕವಲೊಡೆಯುತ್ತದೆ. ಅದನ್ನು ಮುಚ್ಚುವ ವಾಲ್ವು ಗಚ್ಚಿಯ ಮೇಲೆ ಮಾತ್ರ. ಅಡಿಗೆಮನೆಯ ನಲ್ಲಿಯ ವಾಷರು ಸವೆದರೆ, ಅದೊಂದನ್ನು ಬದಲಾಯಿಸುವುದಕ್ಕಾಗಿ ಮೇಲಿನ, ಕೆಳಗಿನ ಎಲ್ಲ ಸಂಸಾರಗಳ ನೀರನ್ನೂ ನಿಲ್ಲಿಸಬೇಕು. ಗಚ್ಚಿಯ ಬೀಗದಕೈ ಕಾವಲುಗಾರನ ಬಳಿ, ಅನುಮತಿ ಸೊಸೈಟಿಯ ಕಾರ್ಯದರ್ಶಿಯ ಬಳಿ! ಬೇಸಿನ್ನಿನ ಕೆಳಗಿನ ಬಳುಕುಕೊಳವೆ ನಡುರಾತ್ರಿ ಒಡೆದರಂತೂ, ಇವರಿಬ್ಬರೂ ಏಳುವಷ್ಟರಲ್ಲಿ ಕೆಳಮನೆಯವರ ಹಾಸಿಗೆ ತೊಯ್ದಿರುತ್ತದೆ. ನಷ್ಟ ತುಂಬಿಕೊಡುವ ಮಾತು ಬಂದಾಗ ಕಾರಕೂನನ ತಿಂಗಳ ಸಂಬಳ ಎಷ್ಟೆಂದು ಯಾರೂ ವಿಚಾರಿಸುವುದಿಲ್ಲ.

ಹೋಟೆಲಿನಲ್ಲಿ ದುಡಿಯುವವರಿಗೆ ಇದರ ಪರಿಹಾರ ಹೊಸದಲ್ಲ. ಬಾಯ್ಲರಿಗೆ ಒಂದು, ಪಾತ್ರೆ ತೊಳೆಯುವ ಮೋರಿಗೆ ಒಂದು, ಗಿರಾಕಿಗಳ ಕೈತೊಳೆಯುವ ಬೇಸಿನ್ನಿಗೆ ಒಂದು ಎಂದು ಅಲ್ಲಿ ಬೇರೆ ಬೇರೆ ವಾಲ್ವುಗಳಿರುತ್ತವೆ. ಒಂದು ನಲ್ಲಿ ಕೆಟ್ಟರೆ ಅದೊಂದನ್ನೇ ಮುಚ್ಚಿ ವ್ಯಾಪಾರವನ್ನು ನಡೆಸುತ್ತಾರೆ. ಗಲ್ಲಾಪೆಟ್ಟಿಗೆಯನ್ನು ಕಾಯುವ ಈ ಬುದ್ಧಿ ನಮ್ಮ ಮನೆಗಳಿಗೆ ಏಕೆ ಬರಲಿಲ್ಲವೋ!

ಬಿಡಾರಕ್ಕೆ ಕೊಳವೆ ಪ್ರವೇಶಿಸುವಲ್ಲಿ, ಕೈಗೆಟಕುವ ಎತ್ತರದಲ್ಲಿ, ಒಂದು ಮುಖ್ಯ ವಾಲ್ವು ಇರತಕ್ಕದ್ದು. ಬೇಸಿನ್ನಿನ ಕೆಳಗೆ ಬಿಸಿನೀರಿಗೊಂದು, ತಣ್ಣೀರಿಗೊಂದು ಆಂಗಲ್ ಕಾಕ್ ಬೇಕು. ಶೌಚದ ಟಾಂಕಿಗೂ ಒಂದು ಬೇಕು. ಇವು ಸಾಮಾನ್ಯವಾಗಿ ಅರ್ಧ ಇಂಚಿನವು, ಅಂದರೆ 15 ಮಿಲಿಮೀಟರಿನವು. ಗೋಡೆಯಲ್ಲಿ ಮೊದಲೇ ಇರುವ ಕೊಳವೆಯ ಬಾಯಿಗೆ ತಿರುಗಿಸಿ ಕೂರಿಸುವುದಾದರೆ ಟೈಲ್ಸು ಒಡೆಯುವ ಪ್ರಮೇಯವಿಲ್ಲ. ಬಾಡಿಗೆಯ ಮನೆಯಾದರೆ ಮಾಲಿಕರಿಗೆ ಮೊದಲು ತಿಳಿಸುವುದು ಕ್ಷೇಮ.

ಮುಖ್ಯ ವಾಲ್ವಿಗೆ ಗೇಟ್ ವಾಲ್ವಿಗಿಂತ ಬಾಲ್ ವಾಲ್ವೇ ಮೇಲೆಂದು ನನ್ನ ಅಭಿಪ್ರಾಯ. ಗೇಟ್ ವಾಲ್ವಿನಲ್ಲಿ ಹಿತ್ತಾಳೆಯ ಬೆಣೆಯೊಂದು ತಿರುಪಿನಿಂದ ಏರಿಳಿಯುತ್ತದೆ. ಬಹುಕಾಲ ಮುಟ್ಟದಿದ್ದರೆ ಅದಕ್ಕೆ ಸುಣ್ಣದ ಹೆಪ್ಪು ಕಟ್ಟಿ, ಬೇಕಾದ ದಿನವೇ ಅದು ಪೂರ್ತಿ ಮುಚ್ಚದೆ ಕೈಕೊಡುವುದುಂಟು. ಬಾಲ್ ವಾಲ್ವಿನೊಳಗೆ ಇರುವುದು ತೂತುಳ್ಳ ಒಂದು ಗುಂಡು. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಸಾಕು. ಹಿಡಿ ಕೊಳವೆಯ ಉದ್ದಕ್ಕಿದ್ದರೆ ನೀರು ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಅಕ್ಷರ ಬಾರದವರಿಗೂ, ಮಕ್ಕಳಿಗೂ ಇದು ಕಣ್ಣಿಗೆ ಕಾಣುವ ಸಂಗತಿ.

ಇನ್ನು ಗೀಸರಿನ ವಿಷಯ. ಇಲ್ಲಿ ಮಾತ್ರ ವಾಲ್ವು ಎಲ್ಲಿರಬೇಕೆಂಬುದಕ್ಕಿಂತ ಎಲ್ಲಿರಕೂಡದೆಂಬುದೇ ಮುಖ್ಯ. ಕಾದ ನೀರು ಹಿಗ್ಗುತ್ತದೆ. 25 ಲೀಟರಿನ ಗೀಸರಿನಲ್ಲಿ 25 ಡಿಗ್ರಿಯ ನೀರು 75 ಡಿಗ್ರಿಗೆ ಏರುವಷ್ಟರಲ್ಲಿ ಅರ್ಧ ಲೀಟರಿಗೂ ತುಸು ಹೆಚ್ಚಾಗಿ ಬೆಳೆದಿರುತ್ತದೆ. ನಲ್ಲಿಗಳೆಲ್ಲ ಮುಚ್ಚಿರುವಾಗ ಆ ಹೆಚ್ಚಳ ಎಲ್ಲಿಗೆ ಹೋಗಬೇಕು? ಅದಕ್ಕಾಗಿಯೇ ತಣ್ಣೀರು ಒಳಹೋಗುವಲ್ಲಿ ಒಂದು ರಕ್ಷಣಾ ವಾಲ್ವನ್ನು ಕೂರಿಸಿರುತ್ತಾರೆ. ಒತ್ತಡ ಮಿತಿಮೀರಿದಾಗ ಅದು ತಾನಾಗಿ ತೆರೆದು ನಾಲ್ಕು ಹನಿ ಚೆಲ್ಲುತ್ತದೆ. ಈ ಹನಿಯನ್ನು ಸೋರಿಕೆಯೆಂದು ಬಗೆದು ಅದರ ಬಾಯಿಗೆ ಮರದ ಬೆಣೆಯನ್ನೋ ಕಬ್ಬಿಣದ ಮುಚ್ಚಳವನ್ನೋ ಜಡಿಯುವುದು ಘೋರ ಅಪಾಯ. ಉಷ್ಣತೆಯನ್ನು ನಿಯಂತ್ರಿಸುವ ಥರ್ಮೋಸ್ಟಾಟು ಅದೇ ವೇಳೆಗೆ ಕೆಟ್ಟರೆ ಗೀಸರು ಸಿಡಿಯಬಲ್ಲದು. ನಾವು ಹೊಸದಾಗಿ ಹಾಕಿಸುವ ವಾಲ್ವು ತಣ್ಣೀರಿನ ಕೊಳವೆಯಲ್ಲಿ ಈ ರಕ್ಷಣಾ ವಾಲ್ವಿಗಿಂತ ಹಿಂದೆ ಇರತಕ್ಕದ್ದು. ರಕ್ಷಣಾ ವಾಲ್ವಿಗೂ ಗೀಸರಿಗೂ ನಡುವೆ ಯಾವ ವಾಲ್ವೂ ಸರ್ವಥಾ ಕೂಡದು. ಬಿಸಿನೀರಿನ ಬಾಯಿಯೇ ಸದಾ ತೆರೆದಿರಬೇಕಾದ ಮಾದರಿಗಳೂ ಉಂಟು. ಅಂಥವುಗಳ ಬಿಸಿನೀರಿನ ಬದಿಗೆ ವಾಲ್ವನ್ನೇ ಹಾಕಬಾರದು. ತಯಾರಕರ ಪುಸ್ತಿಕೆಯನ್ನು ಪ್ಲಂಬರನ ಮುಂದೆ ಬಿಡಿಸಿಡಲು ಸಂಕೋಚಪಡಬೇಡಿರಿ. ತಣ್ಣೀರಿನ ವಾಲ್ವನ್ನು ಮುಚ್ಚಬೇಕಾದಾಗಲೆಲ್ಲ ಮೊದಲು ವಿದ್ಯುತ್ತಿನ ಸ್ವಿಚ್ಚನ್ನು ಆರಿಸಬೇಕು.

ಕೊಳವೆಯ ಜಾತಿಯನ್ನೂ ಗಮನಿಸಬೇಕು. ಯುಪಿವಿಸಿ ತಣ್ಣೀರಿಗೆ ಸರಿ, ಬಿಸಿನೀರಿಗೆ ಮೆತ್ತಗಾಗುವುದು. ಬಿಸಿನೀರಿಗೆ ಸಿಪಿವಿಸಿ ಬೇಕು, ಅದನ್ನು ಅಂಟಿಸುವ ಸಿಮೆಂಟೂ ಬೇರೆಯೇ. ಹಿಂದೆ ಕಬ್ಬಿಣದ ಕೊಳವೆಯ ಮರೆಗಳಿಗೆ ನೂಲು ಸುತ್ತಿ ಸಫೇದಾ ಬಳಿಯುತ್ತಿದ್ದರು. ಈಗ ಟೆಫ್ಲಾನ್ ಪಟ್ಟಿ ಬಂದಿದೆ. ಮರೆಯ ತುದಿಯನ್ನು ಎದುರಿಗೆ ಹಿಡಿದು, ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿಯೇ ಪಟ್ಟಿಯನ್ನು ಸುತ್ತಬೇಕು. ತಿರುವುಮುರುವಾದರೆ ಬಿಗಿಯುವಾಗ ಅದು ಬಿಚ್ಚಿಕೊಳ್ಳುವುದು.

ವಾಲ್ವನ್ನು ಹಾಕಿಸಿ ಮರೆತುಬಿಡದೆ, ತಿಂಗಳಿಗೊಮ್ಮೆಯಾದರೂ ಮುಚ್ಚಿ ತೆರೆಯಬೇಕು. ಮುಖ್ಯವಾಗಿ ಮೇ ತಿಂಗಳಲ್ಲಿ ಊರಿಗೆ ಹೊರಡುವ ಬಂಧುಗಳಿಗೆ ಒಂದು ಮಾತು. ವಿಹಾರ ಸರೋವರದ ನೀರು 1860ರಲ್ಲಿ ಕೊಳವೆಯ ಮೂಲಕ ಮುಂಬಯಿಗೆ ಬಂದರೂ, ಇಂದಿಗೂ ಈ ನಗರದ ಬಹುಭಾಗಕ್ಕೆ ನೀರು ಬರುವುದು ಗೊತ್ತಾದ ಕೆಲವು ಗಂಟೆಗಳಲ್ಲಿ ಮಾತ್ರ. ನೀರಿಲ್ಲದ ಹೊತ್ತಿನಲ್ಲಿ ತಿರುಗಿಸಿ ಮರೆತ ನಲ್ಲಿಯು, ಬೀಗ ಹಾಕಿದ ಮನೆಯಲ್ಲಿ ನೀರು ಬಂದಾಗ ಯಾರನ್ನೂ ಕಾಯುವುದಿಲ್ಲ. ಆದುದರಿಂದ ಪೆಟ್ಟಿಗೆ ಕಟ್ಟಿದ ಮೇಲೆ ಗೀಸರಿನ ಸ್ವಿಚ್ಚನ್ನು ಆರಿಸಿ, ಮುಖ್ಯ ವಾಲ್ವನ್ನು ಮುಚ್ಚಿ, ಅಡಿಗೆಮನೆಯ ನಲ್ಲಿಯನ್ನೊಮ್ಮೆ ತೆರೆದು ನೀರು ನಿಂತಿತೆಂದು ಕಣ್ಣಾರೆ ಕಂಡು, ಆ ನಲ್ಲಿಯನ್ನೂ ಮುಚ್ಚಿ ಹೊರಡಿರಿ.