ಶೇಷಾಂಗದ ಅಳತೆ

ಕಾಲು ಕಡಿದುಹೋದ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಜಂಘೆಯನ್ನಿತ್ತರೆಂದು ಋಗ್ವೇದದ ಪ್ರಥಮ ಮಂಡಲದಲ್ಲಿದೆ. ಅದು ಉಳಿದ ಅಂಗಕ್ಕೆ ಹೇಗೆ ಹೊಂದಿತೆಂಬುದನ್ನು ಮಂತ್ರವು ಹೇಳುವುದಿಲ್ಲ. ಕೃತಕಾಂಗವನ್ನು ರಚಿಸುವವನಿಗಾದರೋ ಇದೇ ಮುಖ್ಯವಾದ ತೊಡಕು.

ಮೊಣಕಾಲಿನ ಕೆಳಗೆ ಛೇದನವಾಗಿ ಉಳಿದ ಭಾಗವು ಶೇಷಾಂಗ. ಅದು ಹೊಗುವ ಬಟ್ಟಲಿನಂಥ ಗೂಡು ಸಾಕೆಟ್ಟು. ಅಳೆಯುವವನು ಶೇಷಾಂಗಕ್ಕೆ ತೆಳುವಾದ ಚೀಲವನ್ನು ತೊಡಿಸಿ, ಮಂಡಿಚಿಪ್ಪು, ಅದರ ಕೆಳಗಿನ ರಜ್ಜು, ಹೊರಗಡೆಯ ಕಿರಿಯೆಲುಬಿನ ತಲೆ ಇವುಗಳನ್ನು ಒದ್ದೆಯಾದರೆ ಬಣ್ಣ ಬಿಡುವ ಪೆನ್ಸಿಲಿನಿಂದ ಗುರುತಿಸುತ್ತಾನೆ. ನಿಯತವಾದ ಅಂತರಗಳಲ್ಲಿ ಸುತ್ತಳತೆಯನ್ನು ತೆಗೆಯುತ್ತಾನೆ. ಮೇಲೆ ನೆನೆಸಿದ ಪ್ಲಾಸ್ಟರು ಪಟ್ಟಿಯನ್ನು ಸುತ್ತಲು ಗುರುತುಗಳು ಅಚ್ಚಿನ ಒಳಮೈಗೆ ಹತ್ತುತ್ತವೆ. ಅದರಲ್ಲಿ ಪ್ಲಾಸ್ಟರನ್ನು ಹೊಯ್ದು ಪಡೆದ ಪ್ರತಿಕೃತಿಯಲ್ಲಿಯೂ ಮೂಡುತ್ತವೆ.

ಪ್ರತಿಕೃತಿಯು ಯಥಾವತ್ತಾಗಿದ್ದರೆ ಸಾಲದೆ ಎಂದು ಶಂಕಿಸಬಹುದು. ಸಾಲದು. ಒತ್ತಿದರೆ ಮಾಂಸವು ಸರಿಯುತ್ತದೆ, ಎಲುಬು ಸರಿಯದು. ಆದುದರಿಂದ ಭಾರವನ್ನು ತಾಳಬಲ್ಲ ರಜ್ಜುವಿನೆಡೆಯಲ್ಲಿ ಪ್ರತಿಕೃತಿಯನ್ನು ಕೆತ್ತಿ ತಗ್ಗಿಸುತ್ತಾರೆ. ತಾಳಲಾರದ ಕಿರಿಯೆಲುಬಿನ ತಲೆಯ ಮೇಲೆ ಪ್ಲಾಸ್ಟರನ್ನು ಕೂಡಿಸುತ್ತಾರೆ. ಅಳತೆಯನ್ನು ಎಲ್ಲಿ ಎಷ್ಟು ಮೀರಬೇಕೆಂದು ತಿಳಿಯುವುದಕ್ಕೇ ನಿಷ್ಕೃಷ್ಟವಾದ ಅಳತೆ ಬೇಕು! 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ರೂಪುಗೊಂಡ, ಮಂಡಿರಜ್ಜುವಿನ ಮೇಲೆ ಭಾರವನ್ನು ಹೊರಿಸುವ ಸಾಕೆಟ್ಟು ಈ ತತ್ತ್ವವನ್ನೇ ಅವಲಂಬಿಸಿದೆ.

ಈಗ ಬೆಳಕಿನಿಂದ ಆಕೃತಿಯನ್ನು ಗ್ರಹಿಸುವ ಸ್ಕ್ಯಾನರೂ ಬಳಕೆಯಲ್ಲಿದೆ. ಮುಟ್ಟದೆ ಅಳೆಯುವುದರಿಂದ ಮಾಂಸವು ಅದುಮಿಹೋಗದೆಂಬುದು ಅದರ ಗುಣ. ಆದರೆ ಚರ್ಮದಡಿ ಎಲುಬೆಲ್ಲಿದೆಯೆಂಬುದನ್ನು ಇಂದಿಗೂ ಬೆರಳೇ ಹೇಳಬೇಕು.

ಅಳೆಯಲ್ಪಡುವ ಅಂಗವಾದರೂ ಸ್ಥಿರವೇ? ಶಸ್ತ್ರಕ್ರಿಯೆಯ ಬಳಿಕ ಬಾವಿಳಿದು ತಿಂಗಳುಗಟ್ಟಲೆ ಕುಗ್ಗುತ್ತದೆ. ಒಂದೇ ದಿನದೊಳಗೂ ಅದರ ಗಾತ್ರವು ವ್ಯತ್ಯಾಸಗೊಳ್ಳುವುದುಂಟು. ಸಡಿಲವಾದ ಸಾಕೆಟ್ಟಿನಲ್ಲಿ ಅಂಗವು ಕೆಳಕ್ಕೆ ಜಾರಿ ತುದಿಯ ಚರ್ಮ ಹುಣ್ಣಾಗುತ್ತದೆ. ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರಿಗೆ ಆ ನೋವೂ ತಿಳಿಯದು. ಧರಿಸುವವನು ಚೀಲದ ಮೇಲೆ ಚೀಲವನ್ನು ತೊಟ್ಟು ಕೆಲಕಾಲ ಸರಿದೂಗಿಸಿ, ಅದೂ ಸಾಲದಾದಾಗ ಹೊಸ ಅಚ್ಚಿಗೆ ಬರುತ್ತಾನೆ.