ರಾಮ್ಸೆ ಕುಟುಂಬದ ದೆವ್ವಗಳಿಗೆ ಊರು ತಪ್ಪಿದ ಕಥೆ

ಹಿಂದಿ ಸಿನಿಮಾದ ಚರಿತ್ರೆ ಬರೆಯುವವರು ರಾಮ್ಸೆ ಸಹೋದರರಿಗೆ ಕೊಡುವುದು ಹೆಚ್ಚೆಂದರೆ ಒಂದು ಅಡಿಟಿಪ್ಪಣಿ, ಅದೂ ನಗುನಗುತ್ತ. ರಬ್ಬರ್ ಮುಖವಾಡ, ಹೊಗೆ ಉಗುಳುವ ಯಂತ್ರ, ಕಿರ್ರೆನ್ನುವ ಬಾಗಿಲು, ಕಾರಣವಿಲ್ಲದೆ ನಡುರಾತ್ರಿ ಸ್ನಾನಕ್ಕಿಳಿಯುವ ನಾಯಕಿ: ಇಷ್ಟನ್ನು ಪಟ್ಟಿ ಮಾಡಿದರೆ ಅವರ ಕಥೆ ಮುಗಿಯಿತು ಎಂದುಕೊಳ್ಳುತ್ತಾರೆ. ಜನರ ಅಗ್ಗದ ಅಭಿರುಚಿ ಅವರನ್ನು ಬೆಳೆಸಿತು, ಅಭಿರುಚಿ ಸುಧಾರಿಸಿದ ಮೇಲೆ ಮುಳುಗಿಸಿತು ಎಂಬ ಎಣಿಕೆ ಈ ನಗುವಿನ ಹಿಂದಿದೆ. ಆದರೆ ಇಪ್ಪತ್ತಕ್ಕೂ ಮಿಕ್ಕಿ ಚಿತ್ರಗಳನ್ನು ತಾರೆಯರ ಹಂಗಿಲ್ಲದೆ, ಸ್ವಂತ ಸ್ಟುಡಿಯೊ ಇಲ್ಲದೆ, ಸುಮಾರು ಎರಡು ದಶಕ ಒಂದೇ ಮನೆಯವರು ಮಾಡಿ ದಕ್ಕಿಸಿಕೊಂಡದ್ದನ್ನು ಬರೀ ಅಭಿರುಚಿಯಿಂದ ವಿವರಿಸಲಾಗದು. ಅವರ ಏಳಿಗೆ ಎಷ್ಟರಮಟ್ಟಿಗೆ ದೆವ್ವದ ಕಥೆಯೋ ಅದಕ್ಕಿಂತ ಹೆಚ್ಚಾಗಿ ಸಿನಿಮಾ ಹಂಚಿಕೆಯ ಕಥೆ. ಅವರ ಪತನವೂ ಹಾಗೆಯೇ.

ಕುಟುಂಬದ ಹಿರಿಯ ಫತೇಚಂದ್ ರಾಮ್‌ಸಿಂಘಾನಿ ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದ ಸಿಂಧಿ ವ್ಯಾಪಾರಿ. ಗಿರಾಕಿಗಳಾಗಿ ಬರುತ್ತಿದ್ದ ಬ್ರಿಟಿಷರ ನಾಲಿಗೆಗೆ ಅಷ್ಟುದ್ದದ ಹೆಸರು ಹೊರಳದೆ ಅದು ರಾಮ್ಸೆ ಆಯಿತೆಂದು ಮನೆಯವರು ಹೇಳಿಕೊಂಡು ಬಂದಿದ್ದಾರೆ. ದೇಶ ವಿಭಜನೆಯ ಹೊತ್ತಿಗೆ ಬೊಂಬಾಯಿಗೆ ಬಂದು ಮತ್ತೆ ಅದೇ ವ್ಯಾಪಾರ ಹೂಡಿದರು. ಜತೆಗೆ ಸಿನಿಮಾಕ್ಕೂ ಹಣ ಹಾಕಿದರು. 1963ರ ‘ರುಸ್ತಂ ಸೊಹ್ರಾಬ್’ನಲ್ಲಿ ಪೃಥ್ವಿರಾಜ್ ಕಪೂರ್, ಸುರೈಯಾ ಇದ್ದರು. 1970ರ ‘ಏಕ್ ನನ್ಹೀ ಮುನ್ನೀ ಲಡ್‌ಕೀ ಥೀ’ಯಲ್ಲೂ ಪೃಥ್ವಿರಾಜ್ ಇದ್ದರು, ಮುಮ್ತಾಜ್ ಇದ್ದರು, ಚಿತ್ರ ಮಾತ್ರ ಸೋತಿತು. ಆದರೆ ಅದರಲ್ಲೊಂದು ದೃಶ್ಯವಿತ್ತು. ಭಯಾನಕ ಮುಖವಾಡ ತೊಟ್ಟ ಪೃಥ್ವಿರಾಜ್ ವಸ್ತುಸಂಗ್ರಹಾಲಯಕ್ಕೆ ನುಗ್ಗುತ್ತಾರೆ, ಪೊಲೀಸರ ಗುಂಡು ಅವರಿಗೆ ನಾಟುವುದೇ ಇಲ್ಲ. ಮಿಕ್ಕ ಚಿತ್ರಕ್ಕೆ ಆಕಳಿಸುತ್ತಿದ್ದ ಜನ ಅದೊಂದಕ್ಕೆ ಮೈಯೆಲ್ಲ ಕಣ್ಣಾಗಿ ಕೂರುವುದನ್ನು ಮಕ್ಕಳಾದ ತುಳಸಿ ಮತ್ತು ಶ್ಯಾಮ್ ಗಮನಿಸಿದರು. ಬರೀ ಅದೇ ಇರುವ ಚಿತ್ರ ಯಾಕೆ ಮಾಡಬಾರದು ಎಂದು ಅಪ್ಪನನ್ನು ಕೇಳಿದರು. ತೀರಾ ವ್ಯಾಪಾರಿ ಬುದ್ಧಿಯ ಪ್ರಶ್ನೆ ಇದು. ಯಾವ ಸರಕು ಕೈಬದಲಾಗುತ್ತದೆ, ಯಾವುದು ಕಪಾಟಿನಲ್ಲೇ ಕೊಳೆಯುತ್ತದೆ ಎಂದು ನೋಡಿ ಬೆಳೆದ ಹುಡುಗರಿಗೆ ಮಾತ್ರ ಹೊಳೆಯಬಹುದಾದದ್ದು.

ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದು 1972ರ ‘ದೋ ಗಜ್ ಜಮೀನ್ ಕೇ ನೀಚೇ’. ಇಡೀ ತಂಡ ಮಹಾಬಲೇಶ್ವರಕ್ಕೆ ಹೋಗಿ ಅಲ್ಲಿನ ಅತಿಥಿಗೃಹದಲ್ಲೇ ಬೀಡುಬಿಟ್ಟು ಚಿತ್ರೀಕರಿಸಿತು. ಖರ್ಚು ಮೂರೂವರೆ ಲಕ್ಷದ ಆಸುಪಾಸು ಎಂದು ಸಹೋದರರು ಹೇಳಿದ್ದಾರೆ. ಆ ಕಾಲಕ್ಕೂ ಅದು ಪುಡಿಗಾಸೇ. ಅಷ್ಟರಲ್ಲಿ ಮುಗಿಯಲು ಕಾರಣ ಏಳು ಗಂಡುಮಕ್ಕಳ ನಡುವೆ ಹಂಚಿದ್ದ ಕೆಲಸ: ಕುಮಾರ್ ಚಿತ್ರಕಥೆಗೆ, ತುಳಸಿ ಮತ್ತು ಶ್ಯಾಮ್ ನಿರ್ದೇಶನಕ್ಕೆ, ಗಂಗು ಕ್ಯಾಮೆರಾಕ್ಕೆ, ಕಿರಣ್ ಧ್ವನಿಗೆ, ಅರ್ಜುನ್ ಸಂಕಲನಕ್ಕೆ, ಕೇಶು ಕ್ಯಾಮೆರಾ ಜತೆಗೆ ನಿರ್ಮಾಣದ ಉಸ್ತುವಾರಿಗೆ. ತಾಯಿ ಮತ್ತು ಸೊಸೆಯಂದಿರು ಯೂನಿಟ್ಟಿಗೆ ಅಡುಗೆ ಮಾಡಿದರು. ಅಪ್ಪ ಇವರನ್ನು ಯಾವ ಸಿನಿಮಾ ಶಾಲೆಗೂ ಸೇರಿಸಿರಲಿಲ್ಲ. ಜೋಸೆಫ್ ಮಾಸೆಲ್ಲಿಯ ಛಾಯಾಗ್ರಹಣದ ಪಠ್ಯಪುಸ್ತಕವೊಂದನ್ನು ಕೈಗಿತ್ತು, ಕಾಶ್ಮೀರದಲ್ಲಿ ದೋಣಿಮನೆಯೊಂದನ್ನು ಬಾಡಿಗೆಗೆ ಹಿಡಿದು ಕಲಿಯಲು ಕೂರಿಸಿದ್ದರು. ಸೆಟ್ ಹಾಕುವ ಬದಲು ಇದ್ದ ಬಂಗಲೆ, ಕೋಟೆ, ಅರಮನೆಗಳಲ್ಲೇ ಚಿತ್ರೀಕರಣ. ಮುರುಡ್ ಜಂಜೀರಾದ ನವಾಬರ ಅರಮನೆಯಂತೂ ಮುಂದಿನ ಚಿತ್ರಗಳಲ್ಲಿ ಮತ್ತೆ ಮತ್ತೆ ಬಂದು ಒಂದು ಖಾಯಂ ಪಾತ್ರವೇ ಆಗಿಬಿಟ್ಟಿತು. ದೊಡ್ಡ ನಿರ್ಮಾಪಕರು ತಾರೆಯ ಕಾಲ್‌ಶೀಟಿಗಾಗಿ ತಿಂಗಳುಗಟ್ಟಲೆ ಕಾಯುತ್ತ ಬಡ್ಡಿ ಕಟ್ಟುತ್ತಿದ್ದ ಕಾಲ ಅದು. ರಾಮ್ಸೆಗಳಿಗೆ ಕಾಯಬೇಕಾದ ತಾರೆಯೇ ಇರಲಿಲ್ಲ. ಭೂತಕ್ಕೆ ಕಾಲ್‌ಶೀಟ್ ಇಲ್ಲ, ಸಂಭಾವನೆಯ ಚೌಕಾಸಿಯೂ ಇಲ್ಲ.

ಉಳಿತಾಯ ಅರ್ಧ ವಿವರಣೆ ಮಾತ್ರ. ಅಗ್ಗವಾಗಿ ಮಾಡಿದ ಸರಕು ಎಲ್ಲಿ ಮಾರಿಹೋಗುತ್ತಿತ್ತು ಎನ್ನುವುದು ಉಳಿದರ್ಧ. ಆಗಿನ ಹಿಂದಿ ಸಿನಿಮಾ ವಲಯ ವಲಯವಾಗಿ ಮಾರಾಟವಾಗುತ್ತಿತ್ತು. ಒಂದೊಂದು ವಲಯದ ಹಂಚಿಕೆದಾರ ಹಕ್ಕು ಕೊಂಡು ತನ್ನ ಪ್ರಿಂಟುಗಳನ್ನು ಮೊದಲು ನಗರಕ್ಕೆ, ಆಮೇಲೆ ಜಿಲ್ಲಾ ಕೇಂದ್ರಕ್ಕೆ, ಕೊನೆಗೆ ತಾಲ್ಲೂಕು, ಹೋಬಳಿಗಳ ಟಾಕೀಸುಗಳಿಗೆ ಸುತ್ತಿಸುತ್ತಿದ್ದ. ಬೊಂಬಾಯಿ ವಲಯದೊಳಗೆ ಬೆಳಗಾವಿ, ಧಾರವಾಡದ ಕಡೆಯ ನಮ್ಮ ಊರುಗಳೂ, ನಿಜಾಮ್ ವಲಯದೊಳಗೆ ಬೀದರ್, ಕಲಬುರಗಿ, ರಾಯಚೂರಿನ ಕಡೆಯವೂ ಸೇರಿದ್ದವು. ಹೀಗೆ ಸುತ್ತುವ ಪ್ರಿಂಟಿನ ಕೊನೆಯ ತುದಿಯಲ್ಲಿದ್ದ ಟಾಕೀಸಿನವನ ಕಷ್ಟ ಬೇರೆ ಥರದ್ದು. ಅಮಿತಾಭ್ ಬಚ್ಚನ್ ಚಿತ್ರ ಅವನ ಊರಿಗೆ ತಲುಪುವಷ್ಟರಲ್ಲಿ ಗೀರುಬಿದ್ದು ಹಳೆಯದಾಗಿರುತ್ತಿತ್ತು, ಬಾಡಿಗೆಯೂ ದುಬಾರಿ. ಅವನಿಗೆ ಬೇಕಿದ್ದದ್ದು ಕಡಿಮೆ ದುಡ್ಡಿಗೆ ಸಿಗುವ, ಒಂದೇ ವಾರವಾದರೂ ಗಾಂಧಿ ಕ್ಲಾಸು ತುಂಬಿಸುವ, ಪೋಸ್ಟರಿನಿಂದಲೇ ಮಾರಾಟವಾಗುವ ಚಿತ್ರ. ರಾಮ್ಸೆಗಳು ಗುರಿಯಿಟ್ಟದ್ದು ಈ ಟಾಕೀಸಿಗೆ. ಮಹಾನಗರದ ದೊಡ್ಡ ಚಿತ್ರಮಂದಿರವನ್ನು ಗೆಲ್ಲುವ ಆಸೆಯನ್ನು ಅವರು ಮೊದಲೇ ಕೈಬಿಟ್ಟಿದ್ದರು, ಹಾಗಾಗಿ ಅಲ್ಲಿನ ಸ್ಪರ್ಧೆಯ ಖರ್ಚೂ ಅವರಿಗೆ ತಗಲಲಿಲ್ಲ.

ಈ ಲೆಕ್ಕಾಚಾರದ ಶಿಖರ 1984ರ ‘ಪುರಾನಾ ಮಂದಿರ್’, ಆ ವರ್ಷದ ದೊಡ್ಡ ಗೆಲುವುಗಳಲ್ಲೊಂದು. ಕಥೆ ಎಷ್ಟು ಸರಳವೋ ಅಷ್ಟೇ ಗಟ್ಟಿ. ಸಾಮ್ರಿ ಎಂಬ ದುಷ್ಟನನ್ನು ರಾಜನೊಬ್ಬ ಹಿಡಿದು ತಲೆ ಕಡಿಸುತ್ತಾನೆ. ರುಂಡ ಒಂದು ಕಡೆ, ಮುಂಡ ಇನ್ನೊಂದು ಕಡೆ. ಸಾಯುವ ಮುನ್ನ ಸಾಮ್ರಿ ಕೊಟ್ಟ ಶಾಪದಿಂದ ಆ ವಂಶದ ಹೆಣ್ಣುಮಕ್ಕಳು ಹೆರಿಗೆಯಲ್ಲೇ ಸಾಯುತ್ತಾರೆ. ಹಾಗಾಗಿ ತಂದೆ ಮಗಳ ಮದುವೆಗೆ ಅಡ್ಡ ನಿಲ್ಲುತ್ತಾನೆ. ಶಾಪ, ವಂಶ, ಹೆರಿಗೆಯ ಸಾವು: ಯಾವ ಹಳ್ಳಿಯ ಪ್ರೇಕ್ಷಕನಿಗೂ ವಿವರಿಸಿ ಹೇಳಬೇಕಾದ ಭಯಗಳಲ್ಲ ಇವು. ಸಾಮ್ರಿಯಾಗಿ ನಟಿಸಿದ ಅನಿರುದ್ಧ್ ಅಗರ್‌ವಾಲ್ ಓದಿದ್ದು ಸಿವಿಲ್ ಎಂಜಿನಿಯರಿಂಗ್. ಅಸಾಧಾರಣ ಎತ್ತರ ಮತ್ತು ಮುಖದ ಕಟ್ಟು ಅವರದೇ ಆಗಿದ್ದರಿಂದ ಮೇಕಪ್ಪಿನ ಅರ್ಧ ಕೆಲಸ ಉಳಿಯಿತು. ನಡುವೆ ಜಗದೀಪ್ ಬಂದು ‘ಶೋಲೆ’ಯನ್ನು ಅಣಕಿಸುವ ಹಾಸ್ಯದ ಉಪಕಥೆ ಬೇರೆ. ಇವತ್ತು ನೋಡುವವರಿಗೆ ಅದು ಅಸಂಬದ್ಧ. ಆದರೆ ಒಂದು ಟಿಕೆಟ್ಟಿನಲ್ಲಿ ಹಾಡು, ಹೊಡೆದಾಟ, ನಗು, ಹೆದರಿಕೆ ನಾಲ್ಕನ್ನೂ ಕೇಳುತ್ತಿದ್ದ ಪ್ರೇಕ್ಷಕನಿಗೆ ಅದು ವಂಚನೆಯಲ್ಲ, ಕೊಟ್ಟ ಕಾಸಿಗೆ ತಕ್ಕ ಪಾಲು. ಕೊನೆಯಲ್ಲಿ ತ್ರಿಶೂಲ ಗೆಲ್ಲುತ್ತದೆ. 1979ರಲ್ಲಿ ಕನ್ನಡದಲ್ಲಿ ಬಂದ ‘ನಾ ನಿನ್ನ ಬಿಡಲಾರೆ’ಯಲ್ಲೂ ದೆವ್ವವನ್ನು ಬಗ್ಗಿಸಿದ್ದು ರಾಘವೇಂದ್ರ ಸ್ವಾಮಿಗಳ ಮಹಿಮೆಯೇ. ಆದರೆ ಅಲ್ಲಿ ಅನಂತನಾಗ್, ಲಕ್ಷ್ಮಿಯಂಥ ತಾರೆಯರಿದ್ದರು. ಆ ಗೆಲುವಿನ ಮೇಲೆ ದೆವ್ವವನ್ನೇ ಕುಲಕಸುಬು ಮಾಡಿಕೊಂಡ ಇಂಥದೊಂದು ಮನೆ ಗಾಂಧಿನಗರದಲ್ಲಿ ಎದ್ದು ನಿಲ್ಲಲಿಲ್ಲ. ದೆವ್ವದ ಕಥೆ ಇದ್ದ ಮಾತ್ರಕ್ಕೆ ದೆವ್ವದ ಸಿನಿಮಾ ಸಂಸ್ಥೆ ಹುಟ್ಟುವುದಿಲ್ಲ ಎನ್ನಲು ಇಷ್ಟು ಸಾಕು.

ಚಿತ್ರಗಳು ಕಳಪೆಯಾಗಿದ್ದವಲ್ಲ, ಅದಕ್ಕೇ ಮುಳುಗಿದವು ಎಂದು ಯಾರಾದರೂ ಹೇಳಬಹುದು. ಕಳಪೆಯಾಗಿದ್ದವು ಎನ್ನುವುದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಹೆಣ್ಣಿನ ದೇಹವನ್ನು ಅವು ಬಳಸಿಕೊಂಡ ರೀತಿಗೆ ಇವತ್ತು ಸಮರ್ಥನೆ ಹುಡುಕುವುದು ವ್ಯರ್ಥ. 1988ರ ‘ವೀರಾನಾ’ದ ಜನಪ್ರಿಯತೆಯಲ್ಲಿ ಹೆದರಿಕೆಯ ಪಾಲೆಷ್ಟು, ನಾಯಕಿ ಜಾಸ್ಮಿನ್ ಪಾಲೆಷ್ಟು ಎಂದು ಬೇರ್ಪಡಿಸುವುದೂ ಕಷ್ಟ. ಆದರೆ 1972ರ ಚಿತ್ರವೂ ಒರಟಾಗಿತ್ತು, 1978ರ ‘ದರ್‌ವಾಜಾ’ ಕೂಡ ಒರಟಾಗಿತ್ತು, ಎರಡೂ ಗೆದ್ದವು. 1990ರ ‘ಬಂದ್ ದರ್‌ವಾಜಾ’ ಹೊತ್ತಿಗೆ ಬೆಳಕು, ನೆರಳು, ಮೇಕಪ್ಪಿನಲ್ಲಿ ಅವರ ಕೈ ಎಷ್ಟೋ ಪಳಗಿತ್ತು. ಗುಣಮಟ್ಟ ಏರುತ್ತಿದ್ದ ಕಾಲದಲ್ಲೇ ಗಳಿಕೆ ಇಳಿಯಿತು ಎಂದ ಮೇಲೆ ಗುಣಮಟ್ಟವನ್ನೇ ಪತನಕ್ಕೆ ಕಾರಣವೆನ್ನುವುದು ಹೇಗೆ? ಸೆನ್ಸಾರ್ ಮಂಡಳಿಯ ಕತ್ತರಿಯನ್ನೂ ಕೆಲವರು ದೂರುತ್ತಾರೆ. ಅದರ ಕಾಟ ನಿಜ, ಆದರೆ ಗೆದ್ದ ಕಾಲದಲ್ಲೂ ಅದೇ ಕತ್ತರಿ ಇತ್ತು. ‘ಎ’ ಸರ್ಟಿಫಿಕೇಟ್ ಇವರಿಗೆ ಪುಕ್ಕಟೆ ಜಾಹೀರಾತೂ ಆಗಿತ್ತು.

ನಿಜಕ್ಕೂ ಬದಲಾದದ್ದು ಪ್ರಿಂಟು ಸುತ್ತುವ ದಾರಿ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿ.ವಿ. ಬಂತು, ಬೆನ್ನಿಗೇ ವಿಸಿಆರ್, ಅದರ ಹಿಂದೆ ಕದ್ದ ಕ್ಯಾಸೆಟ್. ತಾರೆಯರ ಚಿತ್ರಗಳಿಗೂ ಇದು ಪೆಟ್ಟೇ. ಆದರೆ ಅವಕ್ಕೆ ಮಹಾನಗರ, ಹೊರದೇಶ, ಹಾಡಿನ ಹಕ್ಕು ಎಂಬ ಬೇರೆ ಆದಾಯಗಳಿದ್ದವು. ಹಾಡು ರಾಮ್ಸೆಗಳಲ್ಲೂ ಇತ್ತು, ಆದರೆ ಅವರ ಹೆಸರು ಕೇಳಿ ಕ್ಯಾಸೆಟ್ ಕೊಳ್ಳುವವರಿರಲಿಲ್ಲ. ಅವರದು ಒಂದೇ ಆಧಾರ, ಸಣ್ಣ ಊರಿನ ಟಾಕೀಸು. ಪೆಟ್ಟು ಬಿದ್ದದ್ದು ನೇರವಾಗಿ ಅದಕ್ಕೆ. ಎಂಟಾಣೆ ಒಂದು ರೂಪಾಯಿ ಕೊಟ್ಟರೆ ವಿಡಿಯೊ ಪಾರ್ಲರಿನಲ್ಲಿ ವಿದೇಶಿ ರಕ್ತಪಾತವನ್ನೇ ನೋಡಬಹುದಾದ ಹುಡುಗರಿಗೆ ದೇಸಿ ನಕಲು ಯಾಕೆ ಬೇಕು? ಇವರ ಗೆಲುವು ಕಂಡು ಮೋಹನ್ ಭಾಖ್ರಿ, ವಿನೋದ್ ತಲ್ವಾರ್ ಅಂಥವರು ಇನ್ನೂ ಕಡಿಮೆ ಖರ್ಚಿನ ಭಯದ ಚಿತ್ರಗಳನ್ನು ಅದೇ ಟಾಕೀಸುಗಳಿಗೆ ಇಳಿಸತೊಡಗಿದರು. ಅಗ್ಗವಾಗಿರುವುದೇ ಬಂಡವಾಳವಾದವನಿಗೆ ತನಗಿಂತ ಅಗ್ಗದವನು ಬಂದರೆ ತಡೆಯುವ ಉಪಾಯವಿರದು. ರಾಮ್ಸೆಗಳು ಹೊಸತು ತರಲು ಒದ್ದಾಡಲಿಲ್ಲ ಎನ್ನುವಂತಿಲ್ಲ. 1985ರಲ್ಲಿ ‘ಸಾಮ್ರಿ’ಯನ್ನು ತ್ರಿಡಿಯಲ್ಲಿ ತಂದರು, 1991ರ ‘ಅಜೂಬಾ ಕುದ್ರತ್ ಕಾ’ದಲ್ಲಿ ಹಿಮಮಾನವನನ್ನು ಕರೆತಂದರು, ‘ಮಹಾಕಾಲ್’ನಲ್ಲಿ ಅಮೆರಿಕದ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ನ ಉಗುರಿನ ಕೊಲೆಗಾರನನ್ನೇ ಎರವಲು ತಂದರು. ಈ ಎಲ್ಲ ಪ್ರಯೋಗಗಳೂ ಸರಕನ್ನು ಬದಲಿಸಿದವು. ಅಂಗಡಿ ಇದ್ದ ಬೀದಿಗೇ ಜನ ಬರುವುದು ಕಡಿಮೆಯಾಗಿತ್ತು, ಅದನ್ನು ಯಾವ ಪ್ರಯೋಗವೂ ಮುಟ್ಟಲಿಲ್ಲ.

ಹಾಗಾದರೆ 1993ರಲ್ಲಿ ಶುರುವಾದ ‘ಜೀ ಹಾರರ್ ಶೋ’? ಅದು ಹಲವು ವರ್ಷ ನಡೆಯಿತು, ಉಪಗ್ರಹ ವಾಹಿನಿಯ ಮೊದಲ ದಿನಗಳ ದೊಡ್ಡ ಯಶಸ್ಸುಗಳಲ್ಲಿ ಒಂದಾಯಿತು, ಹೊಸ ದಾರಿಯನ್ನು ಅವರು ಹಿಡಿದೇ ಬಿಟ್ಟರಲ್ಲ ಎಂದು ಕೇಳಬಹುದು. ನನ್ನ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿ ಆಕ್ಷೇಪ ಇದೇ. ತುಳಸಿ, ಶ್ಯಾಮ್ ಇಬ್ಬರ ಕಸುಬುದಾರಿಕೆಗೆ ಅದು ಗೆಲುವೇ ಹೌದು. ವೇಗವಾಗಿ, ಮಿತಿಯಲ್ಲಿ, ವಾರವಾರವೂ ಹೆದರಿಸುವುದನ್ನು ಅವರಷ್ಟು ಬಲ್ಲವರು ದೇಶದಲ್ಲಿ ಬೇರಿರಲಿಲ್ಲ. ಆದರೆ ಚಿತ್ರನಿರ್ಮಾಣ ಸಂಸ್ಥೆಯಾಗಿ ಅವರಿಗೆ ಅದರಿಂದ ಆದದ್ದೇನು? ದುಡ್ಡು ಹಾಕಿ, ಲಾಭನಷ್ಟ ಎರಡನ್ನೂ ತಾವೇ ಹೊತ್ತು, ತಮ್ಮ ಹೆಸರಿನ ಮೇಲೆ ಚಿತ್ರ ಮಾರುತ್ತಿದ್ದವರು ವಾಹಿನಿಗೆ ಕಂತು ತಯಾರಿಸಿಕೊಡುವವರಾದರು. ಯಾವುದಕ್ಕೆ ಜನ ಟಿಕೆಟ್ ಕೊಳ್ಳುತ್ತಿದ್ದರೋ ಅದೇ ಭಯ ಈಗ ಪ್ರತಿ ವಾರ ಮನೆಗೆ ಬಿಟ್ಟಿಯಾಗಿ ಬರುತ್ತಿತ್ತು, ಅದೂ ಅವರದೇ ಹಸ್ತಾಕ್ಷರದಲ್ಲಿ. ಅಳಿದುಳಿದ ಟಾಕೀಸಿಗೆ ಹೋಗಲು ಇದ್ದ ಕಾರಣವನ್ನೂ ಅವರು ಹೀಗೆ ತಮ್ಮ ಕೈಯಾರೆ ತೆಗೆದರು. ಬೇರೆ ಆಯ್ಕೆಯಿತ್ತೇ ಎಂದರೆ ಇರಲಿಲ್ಲವೆಂದೇ ತೋರುತ್ತದೆ.

ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆಯ ಚರಿತ್ರೆಯೂ ಇದಕ್ಕೆ ದೂರದ ಸಾಕ್ಷಿ ನುಡಿಯುತ್ತದೆ. 1957ರ ‘ದ ಕರ್ಸ್ ಆಫ್ ಫ್ರಾಂಕೆನ್‌ಸ್ಟೈನ್’, 1958ರ ‘ಡ್ರಾಕುಲಾ’ಗಳಿಂದ ಜಗತ್ತನ್ನು ಹೆದರಿಸಿದ ಹ್ಯಾಮರ್ ಕೂಡ ಬ್ರೇ ಎಂಬ ಊರಿನ ಒಂದು ಬಂಗಲೆಯನ್ನೇ ಸ್ಟುಡಿಯೊ ಮಾಡಿಕೊಂಡು ಕಡಿಮೆ ಖರ್ಚಿನಲ್ಲಿ ಬದುಕಿತ್ತು. ಅದರ ಚಿತ್ರಗಳನ್ನು ಹೊರದೇಶಕ್ಕೆ ಒಯ್ಯುತ್ತಿದ್ದದ್ದು ಅಮೆರಿಕದ ಸಂಸ್ಥೆಗಳ ಹಣ ಮತ್ತು ಹಂಚಿಕೆ. ಅರವತ್ತರ ದಶಕದ ಕೊನೆಯಲ್ಲಿ ಆ ಹಣ ಹಿಂದೆಗೆದ ಮೇಲೆ, ಹತ್ತು ವರ್ಷದಲ್ಲಿ ಹ್ಯಾಮರ್ ದಿವಾಳಿಯಾಯಿತು. ಡ್ರಾಕುಲಾನ ಮೇಲೆ ಜನರಿಗಿದ್ದ ಮೋಹವೇನೂ ಆಗ ಇಂಗಿರಲಿಲ್ಲ.

ಮೋಹ ಇಲ್ಲಿಯೂ ಇಂಗಿರಲಿಲ್ಲ. 2002ರಲ್ಲಿ ವಿಕ್ರಮ್ ಭಟ್ಟರ ‘ರಾಜ್’, 2003ರಲ್ಲಿ ರಾಮ್‌ಗೋಪಾಲ್ ವರ್ಮಾ ಅವರ ‘ಭೂತ್’ ಗೆದ್ದವು. ‘ಭೂತ್’ನಲ್ಲಿ ಹವೇಲಿ ಇಲ್ಲ, ಶಾಪವಿಲ್ಲ, ಇರುವುದು ಮುಂಬಯಿಯ ಎತ್ತರದ ಕಟ್ಟಡದಲ್ಲೊಂದು ಫ್ಲ್ಯಾಟು. 1997ರಲ್ಲಿ ದೆಹಲಿಯಲ್ಲಿ ಶುರುವಾಗಿ ನಗರಗಳಿಗೆ ಹಬ್ಬಿದ ಮಲ್ಟಿಪ್ಲೆಕ್ಸಿನ ಪ್ರೇಕ್ಷಕ ವಾಸವಿದ್ದದ್ದೂ ಅಂಥ ಫ್ಲ್ಯಾಟಿನಲ್ಲೇ. ದೆವ್ವ ತನ್ನ ಹೊಸ ಟಿಕೆಟ್ ಕೌಂಟರಿಗೆ ತಕ್ಕ ವಿಳಾಸ ಹಿಡಿದಿತ್ತು. ಶ್ಯಾಮ್ ಅದೇ 2003ರಲ್ಲಿ ‘ಧುಂದ್’, 2007ರಲ್ಲಿ ‘ಘುಟನ್’ ಮಾಡಿ ಮರಳಲು ಯತ್ನಿಸಿದರು, ಫಲ ಸಿಗಲಿಲ್ಲ. ಕುಟುಂಬದಲ್ಲಿ ಹೊರದಾರಿ ಕಂಡವರು ಕೇಶು. ಅವರು ಅಕ್ಷಯ್ ಕುಮಾರ್ ಅವರನ್ನು ಹಾಕಿಕೊಂಡು ‘ಸಬ್‌ಸೇ ಬಡಾ ಖಿಲಾಡಿ’, ‘ಖಿಲಾಡಿಯೋಂ ಕಾ ಖಿಲಾಡಿ’ ನಿರ್ಮಿಸಿದರು. ಎಂದರೆ, ಅಣ್ಣತಮ್ಮಂದಿರು ಎರಡು ದಶಕ ಯಾವುದನ್ನು ದೂರವಿಟ್ಟು ಬದುಕಿದ್ದರೋ ಆ ತಾರೆಯ ಕಾಲ್‌ಶೀಟನ್ನೇ ಕೊಂಡು ಗೆದ್ದರು. ತುಳಸಿ 2018ರಲ್ಲಿ, ಶ್ಯಾಮ್ 2019ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅಕ್ಕರೆಯಿಂದಲೇ ಬರೆದವು. ಅಷ್ಟರಲ್ಲಿ ಅವರ ಚಿತ್ರಗಳು ಯೂಟ್ಯೂಬಿನಲ್ಲಿ ಓಡುತ್ತಿದ್ದವು, ನೋಡುಗರು ಇಂದೋರಿನಲ್ಲೂ ಇದ್ದರು, ಲಂಡನ್ನಿನಲ್ಲೂ ಇದ್ದರು, ಬಹುತೇಕರು ಬಿಟ್ಟಿಯಾಗಿಯೇ ನೋಡುತ್ತಿದ್ದರು.